ಗ್ಯಾರೇಜಿನ ತುಂಬಾ ಹಾಸಿಗೆ

ಎಲ್ಲಕ್ಕೂ ಕಾರಣ ಬೆಳಗಿನ ಆ ಒಂದು ಫೋನು. ಡ್ರೈವಿಂಗ್ ಮೇಷ್ಟ್ರು ಶಿಷ್ಯನೊಬ್ಬನಿಗೆ ರಿವರ್ಸ್ ಕಲಿಸುತ್ತಿದ್ದಾಗ ರೆಕಾರ್ಡ್ ಕಂಪನಿಯವನು ಕರೆ ಮಾಡಿದ.

"ಸಾರ್, ನಿಮ್ಮ ಬ್ಯಾಂಡಿನ ಹಳೇ ರೆಕಾರ್ಡ್ ಮತ್ತೆ ತಂದ್ವಲ್ಲ, ಜನ ಹುಚ್ಚೆದ್ದು ಕೇಳ್ತಿದ್ದಾರೆ. ಸೈಕೆಡೆಲಿಕ್ ಗ್ಯಾರೇಜ್ ರಾಕ್ ಅಂದ್ರೆ ಇದೇ ಅಂತಾರೆ!"

"ಗ್ಯಾರೇಜು ನಿಜ ಕಣಪ್ಪ, ಮನೆಯೊಳಗೆ ಯಾರು ಬಿಡ್ತಿದ್ರು? ಇನ್ನೊಂದೇನೋ ಅಂದ್ಯಲ್ಲ, ಅದು ನಮಗೇ ಗೊತ್ತಿರ್ಲಿಲ್ಲ."

ಪ್ರಾಯದಲ್ಲಿ ನಾಲ್ವರು ಗೆಳೆಯರು ಸೇರಿ ತಂದ ಒಂದೇ ಒಂದು ರೆಕಾರ್ಡ್ ಅದು. ಕೊಂಡವರೆಲ್ಲ ನೆಂಟರು; ಕೇಳಿದವರು ಅವರಿಗಿಂತ ಕಡಿಮೆ. ಈಗ ಒಬ್ಬ ತೀರಿಕೊಂಡಿದ್ದ, ಒಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ, ಇನ್ನೊಬ್ಬನಿಗೆ ಗಿಟಾರ್ ಎಂದರೆ ಅಲರ್ಜಿ. ಕೈಕಾಲು ನೆಟ್ಟಗಿದ್ದವರು ಡ್ರಮ್ ಬಾರಿಸುತ್ತಿದ್ದ ಮೇಷ್ಟ್ರೊಬ್ಬರೇ.

"ಸಂಜೆ ಬರ್ತೀನಿ. ಅದೇ ಗ್ಯಾರೇಜಲ್ಲಿ ಒಂದ್ಸಲ ಬಾರಿಸಿ ತೋರ್ಸಿ. ಕೈ ಪಳಗಿದ್ರೆ ಮುಂದಿನ ತಿಂಗಳು ವೇದಿಕೆ ಮೇಲೆ ನೀವೇ!"

ಖುಷಿಗೆ ಮೇಷ್ಟ್ರ ಕಾಲು ತಾಳ ಹಾಕಿತು. ಆ ಕಾಲಿನ ಕೆಳಗಿದ್ದದ್ದು, ಕಲಿಸುವ ಕಾರಿನಲ್ಲಿ ಮೇಷ್ಟ್ರಿಗೆಂದೇ ಇರುವ ಎರಡನೇ ಬ್ರೇಕು. ಶಿಷ್ಯನ ತಲೆ ಹಿಂದಕ್ಕೆ ಸೀಟಿಗೆ ಬಡಿಯಿತು.

ಜೀವನದಲ್ಲಿ ಒಂದು ಸಲ ವೇದಿಕೆ ಹತ್ತಬೇಕು, ಅಷ್ಟೇ ಆಸೆ. ಅಡ್ಡಿಯಾಗಿದ್ದವರು ಗ್ಯಾರೇಜಿನ ಗೋಡೆಯಾಚೆ, ಪಕ್ಕದ ಮನೆಯ ದೊಡ್ಡಮ್ಮ. ಬೇರೆಯವರ ಮನೆಯಲ್ಲಿ ಚಮಚ ಬಿದ್ದರೂ ಬಂದು ವಿಚಾರಿಸುವವರು.

"ದೊಡ್ಡಮ್ಮ, ಸಂಜೆ ಅರ್ಧ ಗಂಟೆ ಸುಧಾರಿಸ್ಕೊಳ್ಳಿ," ಎಂದು ಮೇಷ್ಟ್ರು ಕೈಮುಗಿದರು.

"ನಿನ್ನ ಮದುವೆಗೆ ಮುಂಚೆನೂ ನೀನು ಇದನ್ನೇ ಹೇಳ್ತಿದ್ದೆ. ನಡಿಯೋ ಆಚೆ!"

ಮೇಷ್ಟ್ರು ಹೆಂಡತಿಯ ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಆಕೆ ದೊಡ್ಡಮ್ಮನನ್ನು ಪುಸಲಾಯಿಸಿ ಮಧ್ಯಾಹ್ನದ ಸಿನಿಮಾಕ್ಕೆ ಕರೆದೊಯ್ದಳು. ಮೇಷ್ಟ್ರು ಕಾರನ್ನು ಬೀದಿಗೆ ತಳ್ಳಿ, ಅಟ್ಟದಿಂದ ಡ್ರಮ್ಮುಗಳನ್ನು ಇಳಿಸಿ, ಧೂಳಿಗೆ ಸೀನುತ್ತಾ ಜೋಡಿಸುವಷ್ಟರಲ್ಲಿ ಇಬ್ಬರೂ ವಾಪಸ್!

"ಏನ್ ಮಾಡ್ಲಿ ರೀ? ಸೌಂಡ್ ಜಾಸ್ತಿ ಅಂತ ಥಿಯೇಟರ್ ಮ್ಯಾನೇಜರಿಗೇ ಬೈದ್ರು. ಟಿಕೆಟ್ ದುಡ್ಡು ವಾಪಸ್ ಕೊಟ್ಟು ಕೈಮುಗಿದು ಕಳಿಸಿದ."

ಉಳಿದದ್ದು ಒಂದೇ ದಾರಿ. ಮನೆಯಲ್ಲಿದ್ದ ಹಾಸಿಗೆ, ದಿಂಬು, ರಜಾಯಿಗಳೆಲ್ಲ, ಸದ್ದು ಆಚೆ ಹೋಗದಂತೆ, ಗ್ಯಾರೇಜಿನ ಗೋಡೆಗೆ ಒರಗಿದವು. ಕಂಪನಿಯವನು ಬಂದಾಗ ಮೇಷ್ಟ್ರು ಹತ್ತಿಮೂಟೆಯೊಳಗೆ ಸಿಕ್ಕಿಬಿದ್ದ ಇಲಿಯಂತೆ ಬೆವರುತ್ತಾ ಕೂತಿದ್ದರು.

"ಶುರು ಮಾಡಿ ಸಾರ್!"

ಮೇಷ್ಟ್ರು ಬಾರಿಸಿದರು. ಕೈ ಪಳಗಿಯೇ ಇತ್ತು! ಕಂಪನಿಯವನ ತಲೆ ತೂಗತೊಡಗಿತು. ಆ ಹುರುಪಿನಲ್ಲಿ ಒಂದು ಏಟು ಜೋರಾಯಿತು. ದೊಡ್ಡ ಹಾಸಿಗೆ ಧೊಪ್ಪೆಂದು ಮೇಷ್ಟ್ರ ಮೇಲೆಯೇ ಮಗುಚಿತು. ಬರಿದಾದ ಗೋಡೆಯಾಚೆಯಿಂದ ಬಂತು ನೋಡಿ:

"ನಿಲ್ಸ್ರೋ ಮುಂಡೇವಾ! ನಿಮ್ ತಗಡು ಗಟಾರಕ್ಕೆ ಹಾಕ!"

ಎಲ್ಲ ಮುಗಿಯಿತು ಎಂದುಕೊಂಡು ಮೇಷ್ಟ್ರು ಹಾಸಿಗೆಯಡಿಯಿಂದ ಮುಖ ಹೊರಹಾಕಿದರು. ಕಂಪನಿಯವನು ಕಣ್ಣರಳಿಸಿ ನಿಂತಿದ್ದ.

"ಸಾರ್! ಮೂರನೇ ಹಾಡಿನ ನಡುವೆ ಕೂಗೋ ಗಾಯಕಿ ಇವರೇನಾ? ಜನ ಹುಚ್ಚೆದ್ದಿರೋದೇ ಆ ದನಿಗೆ! ಎಷ್ಟು ಹುಡುಕಿದ್ವಿ ಗೊತ್ತಾ?"

"ಗಾಯಕಿ ಅಲ್ಲಪ್ಪ, ಬೈಗುಳ ಅದು. ಇಲ್ಲೇ ರೆಕಾರ್ಡ್ ಮಾಡ್ವಾಗ ಒಳಗೆ ಸೇರ್ಕೊಳ್ತು. ಇನ್ನೊಂದು ಟೇಪಿಗೆ ಗತಿ ಇರ್ಲಿಲ್ಲ..."

ಕೇಳುವವರು ಯಾರು? ಅವನಾಗಲೇ ಪಕ್ಕದ ಮನೆಯ ಬಾಗಿಲಲ್ಲಿದ್ದ. ಮೇಷ್ಟ್ರು ಓಡಿಬರುವ ಹೊತ್ತಿಗೆ ಮಾತುಕತೆ ಮುಗಿದು, ದೊಡ್ಡಮ್ಮ ವೇದಿಕೆಗೆ ಯಾವ ಸೀರೆ ಎಂದು ಮೇಷ್ಟ್ರ ಹೆಂಡತಿಯನ್ನು ಕೇಳುತ್ತಿದ್ದರು.

"ಬಾರಿಸೋಕೆ ನಮ್ಮ ಹುಡುಗರು ಸಾಕು ಸಾರ್," ಎಂದ ಕಂಪನಿಯವನು.

ಮೇಷ್ಟ್ರು ಕಡೆಯ ಪಟ್ಟು ಹಾಕಿದರು. "ನಾನು ಬಾರಿಸದಿದ್ರೆ ಇವರಿಗೆ ಸಿಟ್ಟು ಹೇಗಪ್ಪ ಬರುತ್ತೆ?"

"ನಿನ್ನ ನೆನೆಸ್ಕೊಂಡ್ರೆ ಸಾಕು ಕಣೋ," ಎಂದರು ದೊಡ್ಡಮ್ಮ. ಮೇಷ್ಟ್ರ ಮುಖ ನೋಡಿ ಪಾಪ ಎನಿಸಿರಬೇಕು. "ಹೋಗ್ಲಿ, ನೀನೂ ಬಾ. ನನ್ನ ಕರ್ಕೊಂಡು ಹೋಗೋಕೆ ಕಾರು ಬೇಕಲ್ಲ. ಆದ್ರೆ ದಾರೀಲಿ ಹಾರ್ನ್ ಹೊಡೀಕೂಡ್ದು, ಈಗ್ಲೇ ಹೇಳಿದ್ದೀನಿ."