ಉಳಿವೆಪ್ಪನ ಪಿಸ್ಟ್

ಹತ್ತಿಕಾಳಿನ ಹಸಿ ಎಣ್ಣೆವಾಸನೆ ಮೂಗಿಗೆ ಬಡಿದದ್ದೇ ತಡ, ಉಳಿವೆಪ್ಪನಿಗೆ ಎಮ್ಮೆಯ ಮುಂದೆ ಬುಟ್ಟಿ ಇಟ್ಟು ಬೆನ್ನು ಸವರುತ್ತಿದ್ದ ಅವ್ವನ ನೆನಪಾಯಿತು. ಯುದ್ಧ ಮುಗಿದು, ಪಲ್ಟಣಿನ ಜೊತೆ ಇಟಲಿಯಿಂದ ಮರಳಿದ ಮೇಲೆ ಅವನಿಗೆ ಉಳಿದಿದ್ದುದು ಒಂದೇ ಆಸೆ: ಎಲ್ಲಾದರೂ ಕೂಡಬೇಕು. ನಡೆದು ನಡೆದು ಅವನ ಕಾಲುಗಳು ಬಾಡಿಗೆ ಎತ್ತುಗಳಂತೆ ಸೋತಿದ್ದವು. ಹಿರೇಕೆರೂರಿನ ಪರಮೇಶ್ವರಪ್ಪನವರ ಹತ್ತಿ ಗಿರಣಿಗೆ ಬಾಗಿಲು ಕಾಯುವವನು ಬೇಕಂತೆ, ಕೂಡಲು ಸ್ಟೂಲೂ ಇದೆಯಂತೆ ಎಂದು ಕೇಳಿ, ಆಡೂರಿನಿಂದ ಸಿಕ್ಕ ಸಿಕ್ಕ ಚಕ್ಕಡಿ ಹತ್ತಿ ಬಂದಿದ್ದ.

ಕೆಲಸ ಸಿಕ್ಕೇಬಿಡುತ್ತಿತ್ತು. ಕೆಡಿಸಿದ್ದು ಸಾವುಕಾರರ ತಲೆಯ ಮೇಲೆ ತೂಗುತ್ತಿದ್ದ ಕ್ಯಾಲೆಂಡರು. ಯಾವುದೋ ಗಡಿಯಾರದ ಕಂಪನಿಯದು. ಬೆಳ್ಳನೆಯ ಗುಡ್ಡ, ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವ ಹುಡುಗ, ಕೆಳಗೆ ಒಂದು ಶಬ್ದ.

"ನೀ ಆ ಕಡೆ ದೇಶ ಕಂಡಾಂವ," ಎಂದರು ಪರಮೇಶ್ವರಪ್ಪ. "ಇದನ್ನ ಮಾಸ್ತರ್ರು ಪಿಸ್ಟ್ ಅಂತ ಓದಿಕೊಟ್ರು, ಅರ್ಥ ಮಾತ್ರ ಹೇಳಲಿಲ್ಲ. ಏನಿದು?"

"ಗುಡ್ಡದ ಹೆಸರಂತ ನಾ ಎಂದೋ ಹೇಳೇನಲ್ರಿ," ಎಂದ, ಸವಣೂರಿನಿಂದ ಹತ್ತಿ ನೋಡಲು ಬಂದಿದ್ದ ದಲಾಲಿ ಮಹಮ್ಮದಗೌಸ.

ಬಾಗಿಲಲ್ಲಿ ಇಣುಕಿದ್ದವನು ಹುಚ್ಚಪ್ಪ. ದೊಡ್ಡ ಚೀಲದೊಳಗೆ ಇಳಿದು ಹತ್ತಿ ತುಳಿದು ತುಂಬುವುದು ಅವನ ಕೆಲಸ. ಆ ಚೀಲಕ್ಕೆ ಅಂಡಿಗೆ ಎನ್ನುತ್ತಾರೆ. "ಗುಡ್ಡ ಹೆಂಗಾಕ್ಕೈತ್ರಿ ಸಾಹೇಬ್ರ? ಆ ಹುಡುಗನ ಹೆಸರದು!"

ಗೊತ್ತಿಲ್ಲ ಎಂದಿದ್ದರೆ ಉಳಿವೆಪ್ಪ ಆಗಲೇ ಸ್ಟೂಲಿನ ಮೇಲೆ ಇರುತ್ತಿದ್ದ. ಆದರೆ ಗೊತ್ತಿತ್ತಲ್ಲ!

"ಅದು ದಾರಿರಿ. ಹಿಮಾ ತುಳಿದು ಗಟ್ಟಿ ಮಾಡಿರ್ತಾರ, ಅದರ ಮ್ಯಾಲ ಜಾರ್ತಾರ. ನಾವಿದ್ದ ಇಟಲಿಯೊಳಗ ಅನ್ನೂದು ಚೂರು ಬ್ಯಾರೆ, ಮಾತು ಅದ. ಹೇಸರಗತ್ತಿ ಹೋದ ಜಾಡಿಗೂ ಹಂಗ ಅಂತಾರ, ವಿಮಾನ ಇಳಿಯೋ ಜಾಗಕ್ಕೂ ಅಂತಾರ, ಗಂಡಾ ಹೆಂಡ್ತಿ ಕೈ ಹಿಡಕೊಂಡು ಕುಣಿಯೋ ನೆಲಕ್ಕೂ ಅಂತಾರ."

"ತೋಬಾ!" ಎಂದ ಮಹಮ್ಮದಗೌಸ. "ಹೇಸರಗತ್ತಿ ನಡುವ ಕುಣೀತಾರೇನು?"

"ಜಾಗ ಒಂದ ಅಲ್ರಿ, ಮಾತು ಒಂದ. ಮಂದಿ ತುಳಿದು ಹದಾ ಮಾಡಿದ್ದೆಲ್ಲಾ ಪಿಸ್ಟ್."

"ಹಂಗಾರ ನಮ್ಮ ಕಣಾನೂ ಪಿಸ್ಟ್ ಆತು!" ಎಂದ ಹುಚ್ಚಪ್ಪ.

"ಆಗ್ಲೇಳೋ ಕಾಕಾ," ಎಂದ ಉಳಿವೆಪ್ಪ, ದಣಿದು.

ಸಾವುಕಾರರು ಮೀಸೆ ತಿರುವಿದರು. "ಹಿಮಾ ಅಂದ್ರ ಮೆತ್ತಗಿರ್ತೈತಿ. ಕಾಲಿಟ್ರ ಹೂತು ಹೋಗೂದಿಲ್ಲೇನು?"

"ಮಾತ್ಯಾಕ್ರೀ ಸಾವ್ಕಾರ್ರ?" ಹುಚ್ಚಪ್ಪ ಅಂಗಳದತ್ತ ಕೈಮಾಡಿದ. "ಹಿಮಾ ಅಲ್ಲೇ ಬಿದ್ದೈತಲ್ಲ!"

ಅಂಗಳದಲ್ಲಿ ಕಾಳು ತೆಗೆದ ಹತ್ತಿ ಗುಡ್ಡದಂತೆ ಒಟ್ಟಿತ್ತು.

"ಬ್ಯಾಡ್ರೀ, ಕಾಲು ನೂಸಾಕತ್ತಾವು..."

"ಸುಳ್ಳು ಹೇಳಾಂವನ್ನ ಬಾಗಲದಾಗ ಕುಂದ್ರಸಾಕ ಬರೂದಿಲ್ಲಪಾ," ಎಂದರು ಸಾವುಕಾರರು.

ಉಳಿವೆಪ್ಪ ನಿಟ್ಟುಸಿರುಬಿಟ್ಟು ಕಾಲು ತೊಳೆದುಕೊಂಡು ಹತ್ತಿಯ ಗುಡ್ಡ ಏರಿದ. ಮೊದಲ ಹೆಜ್ಜೆಗೇ ಸೊಂಟದವರೆಗೆ ಹೂತುಹೋದ. ಎದ್ದರೆ ಎಡಕ್ಕೆ, ಎಡದಿಂದ ಎದ್ದರೆ ಬಲಕ್ಕೆ. ಕೆಸರಿಗೆ ಬಿದ್ದ ಎಮ್ಮೆಗರುವೂ ಅಷ್ಟು ಒದ್ದಾಡಿರಲಾರದು.

"ತಮ್ಮಾ, ಮುಳುಗೀಯೋ! ಹಗ್ಗಾ ಬಿಡ್ಲೇನು?" ಎಂದು ಅಂಗಳದಲ್ಲಿ ಹತ್ತಿ ಹಸನು ಮಾಡುತ್ತಿದ್ದ ಹಾಲವ್ವ ನಕ್ಕಳು. ನಕ್ಕವಳೇ, ಅವನ ಮುಖ ನೋಡಿ, ಒಂದು ತಂಬಿಗೆ ನೀರು ತಂದು ಅಂಚಿಗಿಟ್ಟು ಹೋದಳು.

ಆಮೇಲೆ ಇಟಲಿಯ ಹಿಮ ತುಳಿದದ್ದು ಕಾಲುಗಳಿಗೆ ತಾನಾಗಿಯೇ ನೆನಪಾಯಿತು. ಅಡ್ಡಡ್ಡಲಾಗಿ ನಿಂತು, ಸಣ್ಣ ಸಣ್ಣ ಹೆಜ್ಜೆಯಲ್ಲಿ, ಹಿಮ್ಮಡಿ ಊರಿ ಊರಿ ತುಳಿದ. ಬಿಸಿಲು ನೆತ್ತಿಗೇರುವ ಹೊತ್ತಿಗೆ ತುದಿಯಿಂದ ಬುಡದವರೆಗೆ ಒಂದು ದಾರಿ ಮೂಡಿತು. ಯಾರೋ ಎರಡು ಹಲಗೆ ಕೊಟ್ಟರು, ಹುಚ್ಚಪ್ಪ ಹುರಿಯಿಂದ ಕಾಲಿಗೆ ಬಿಗಿದ. ಉಳಿವೆಪ್ಪ ಬಸವಣ್ಣನನ್ನು ನೆನೆದು ಜಾರಿದ.

ಹಲಗೆ ಜಾರಿತು! ಕ್ಯಾಲೆಂಡರಿನ ಹುಡುಗನಂತೆಯೇ ಜಾರಿದ. ಅಡ್ಡಬಂದದ್ದು ಮಹಮ್ಮದಗೌಸ, ಹತ್ತಿರದಿಂದ ನೋಡಬೇಕೆಂದು ಬುಡದಲ್ಲೇ ನಿಂತಿದ್ದ. ಇಬ್ಬರೂ ಉರುಳಿದರು, ಅವರ ಮೇಲೆ ಅರ್ಧ ಗುಡ್ಡ ಉರುಳಿತು. ದಲಾಲಿ ಎದ್ದಾಗ ಗಡ್ಡ ಯಾವುದು, ಹತ್ತಿ ಯಾವುದು ತಿಳಿಯಲಿಲ್ಲ.

"ಯಾ ಅಲ್ಲಾ! ದಾರಿ ಅಂದಿ, ಗೋರಿ ತೋರಿಸಿದೆಲ್ಲೋ!"

ಹೋಯಿತು ಸ್ಟೂಲು, ಎಂದುಕೊಂಡ ಉಳಿವೆಪ್ಪ. ಪರಮೇಶ್ವರಪ್ಪ ಇಬ್ಬರ ಕಡೆಗೂ ನೋಡಲಿಲ್ಲ. ಕುಸಿಯದೆ ಉಳಿದಿದ್ದ ದಾರಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಜೋಡು ಬಿಟ್ಟು ಮೇಲೆ ನಿಂತರು. ಅಷ್ಟು ಭಾರದ ಮನುಷ್ಯ ನಾಲ್ಕು ಬೆರಳಷ್ಟೂ ಹೂತುಹೋಗಲಿಲ್ಲ.

"ಹಿಂಗ ತುಳಿಯಾಕ ಯಾರು ಕಲಿಸಿದ್ರಪಾ?"

"ಹಿಮಾ ಕಲಿಸಿತ್ರಿ."

"ಶಾಣ್ಯಾ ಅದಿ. ನಿನ್ನ ಕೆಲಸ ಗಟ್ಟಿ, ಇವತ್ತಿಂದನ."

ಉಳಿವೆಪ್ಪನ ಕಣ್ಣು ತುಂಬಿದವು. ಕುಂಟುತ್ತಾ ಬಾಗಿಲ ಕಡೆ ನಡೆದ.

"ಆ ಕಡೆ ಎಲ್ಲಿ ಹೊಂಟಿ?" ಎಂದರು ಸಾವುಕಾರರು. "ಈ ಕಡೆ ಬಾ. ಹುಚ್ಚಪ್ಪನ ಮೊಣಕಾಲು ಹೋಗ್ಯಾವು. ಅಂಡಿಗಿ ತುಳಿಯಾಕ ಗಟ್ಟಿ ಮನಿಶ್ಯಾ ಸಿಗವಲ್ಲ ಅಂತ ಅವನ್ನ ಬಿಟ್ಟಿರಲಿಲ್ಲ. ಇನ್ನ ಬಾಗಲಾ ಅಂವ ಕಾಯ್ತಾನ, ನೀ ತುಳಿ."

ಮಧ್ಯಾಹ್ನದ ಊಟದ ಹೊತ್ತಿಗೆ ಉಳಿವೆಪ್ಪ ಕಂಬಗಳ ನಡುವೆ ತೂಗುಬಿಟ್ಟ ಅಂಡಿಗೆಯೊಳಗೆ ತುಳಿಯುತ್ತಿದ್ದ. ಹೊರಗೆ ಕಾಣುತ್ತಿದ್ದುದು ಅವನ ತಲೆ ಮಾತ್ರ. ಬುತ್ತಿ ತಂದಿರಲಿಲ್ಲ, ಇಂದೇ ಕೆಲಸ ಹತ್ತುತ್ತದೆಂದು ಯಾರಿಗೆ ಗೊತ್ತಿತ್ತು?

ಹುಚ್ಚಪ್ಪ ಗೋಡೆ ಹಿಡಿದುಕೊಂಡು ಬಂದ. ತನ್ನ ಅರಿವೆಯ ಗಂಟು ಬಿಚ್ಚಿ, ಎರಡು ಜೋಳದ ರೊಟ್ಟಿಯ ನಡುವೆ ಪುಂಡಿಪಲ್ಯ ಇಟ್ಟು, ತುದಿಗಾಲಲ್ಲಿ ನಿಂತು ಮೇಲಕ್ಕೆ ಚಾಚಿದ.