ಜೋಳದ ಡ್ರಮ್ಮಿನೊಳಗಿನ ಕಂಪ್ಯೂಟರ್

ಮನೆಗೆ ಬೀಗ ಹಾಕಿ ಊರು ಬಿಟ್ಟಾಗಲೆಲ್ಲ ನಮ್ಮಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಕಳ್ಳತನವೊಂದು ಮಾತ್ರ ಇದುವರೆಗೆ ಆಗಿಲ್ಲ. ಸೇಡಂನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮಾಸ್ತರ ನಾನು. ಕದಿಯುವಂಥದ್ದು ಅಂತ ಮನೆಯಲ್ಲಿರುವುದು ಒಂದು ಕಂಪ್ಯೂಟರ್.

೧. ಬೇವಿನೆಲೆ

ಚಂದ್ರಂಪಳ್ಳಿ ಡ್ಯಾಮ್ ನೋಡಲು ಎರಡು ದಿನ ಹೊರಟಾಗ, ಸಿಪಿಯು ಡಬ್ಬಿಯನ್ನು ಅರಿವೆಯಲ್ಲಿ ಸುತ್ತಿ ಜೋಳದ ಡ್ರಮ್ಮಿನಲ್ಲಿ ಹೂತಿಡಲು ಮನೆಯವಳಿಗೆ ಹೇಳಿದೆ. ಯಾರಿಗೂ ತಿಳಿಯಕೂಡದು ಎಂದು ತಾಕೀತನ್ನೂ ಮಾಡಿದೆ.

ತಿರುಗಿ ಬಂದ ದಿನ ಎದುರು ಮನೆಯ ಕಾಕು ಕೇಳಿದರು: "ಸರ್, ಜೋಳದಾಗಿನ ಕಂಪ್ಯೂಟರ್ ಹೊರಗ ತೆಗದ್ರೇನ್ರಿ?"

ಮನೆಯವಳನ್ನು ನೋಡಿದೆ. "ಕಾಯೋರಿಗಿ ಏನ್ ಕಾಯಬೇಕಂತ ಗೊತ್ತಿರಬ್ಯಾಡೇನ್ರಿ?" ಎಂದಳು.

ಡಬ್ಬಿ ಎತ್ತಿದರೆ ಒಣ ಬೇವಿನೆಲೆ ಉದುರಿದವು. ಗಾಳಿಯ ತೂತುಗಳಲ್ಲೂ ತುರುಕಿದ್ದಳು. ಇದೇನು ಎಂದೆ.

"ಹುಳ ಹತ್ತಬಾರದಲ್ರಿ. ಜೋಳಕ್ಕ ಹಾಕಿ ಇದಕ್ಕ ಬಿಟ್ರ ಹ್ಯಾಂಗ?"

೨. ಬಾಗಿಲ ಚೀಟಿ

ಮುಂದಿನ ಬೇಸಿಗೆ ರಜೆಯಲ್ಲಿ ಬಾಗಿಲಿಗೆ ಚೀಟಿ ಅಂಟಿಸಿದೆ: 'ಭಾನುವಾರದವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಹಾಲು ಬೇಡ.'

ಮನೆಯವಳು ಓದಿದಳು. "ಕಳ್ಳರಿಗಿ ಕಾಗದ ಬರದು ಕರ್ಯಾಕತ್ತೀರೇನು?"

"ನಾನು ಸುಳ್ಳು ಬರೆಯುವುದಿಲ್ಲ."

"ನೀವ್ ಬಿಡ್ರಿ, ನಾ ಬರೀತೀನಿ," ಎಂದು ಕೆಳಗೆ 'ಒಳಗ ನಾಯಿ ಅದ' ಎಂದು ಸೇರಿಸಿದಳು. ನಾವು ನಾಯಿ ಸಾಕಿದವರೇ ಅಲ್ಲ. ವಾಡಿ ಸ್ಟೇಷನ್ ಮುಟ್ಟುವ ತನಕ ನಾನು ಅವಳೊಡನೆ ಮಾತಾಡಲಿಲ್ಲ.

ಬಂದು ನೋಡಿದರೆ ಬಾಗಿಲ ಕೆಳಗಿನ ಸಂದಿಯಲ್ಲಿ ರೊಟ್ಟಿಯ ಸಾಲು. ಕಾಕು ಭಾಳ ಸಿಟ್ಟಾಗಿದ್ದರು: "ಮೂಕ ಪ್ರಾಣಿನ ಉಪವಾಸ ಕೆಡವಿ ಹೋಗತಾರೇನ್ರಿ?"

ನಾಯಿ ಇಲ್ಲವೆಂದು ನಿಮಗೆ ಗೊತ್ತಿಲ್ಲವೇ ಎಂದೆ.

"ಹೊಸದು ತಂದೀರಿ ಅಂದ್ಕೊಂಡ್ವಿ. ಸರ್ ಬಾಗಿಲಮ್ಯಾಗ ಸುಳ್ಳ ಇರತದೇನ್ರಿ?"

೩. ಶಹಾಬಾದ್ ಬಸ್ಸು

ಹೋದ ವರ್ಷ ಮನೆಯವಳು ತೀರಿಕೊಂಡಳು. ಶಹಾಬಾದಿನಲ್ಲಿರುವ ತನ್ನ ತಂಗಿಗೆ ಶೇಂಗಾ ಹೋಳಿಗೆ ಮಾಡುವ ಬಗೆ ಹೇಳಿ ಕಳಿಸಲು ಒಮ್ಮೆ ಕಂಪ್ಯೂಟರಿನ ಮುಂದೆ ಕೂತು ಮಾತಾಡಿ ರೆಕಾರ್ಡ್ ಮಾಡಿಸಿದ್ದಳು. ನಡುವೆ ಎರಡು ಸಲ ನನಗೆ ಬೈದಿದ್ದಾಳೆ. ಅವಳ ಧ್ವನಿ ಅಂತ ಉಳಿದಿರುವುದು ಅಷ್ಟೇ. ಕಾಪಿ ಮಾಡಿಸಿಟ್ಟುಕೊಳ್ಳಿ ಅನ್ನುತ್ತಾರೆ. ಅಂಗಡಿಯವರ ಕೈಗೆ ಅದನ್ನು ಕೊಡಲು ನನಗೆ ಮನಸ್ಸಾಗಿಲ್ಲ.

ಈ ರಜೆಗೆ ಅದೇ ತಂಗಿ ಕರೆದಳು. ಡ್ರಮ್ಮಿನಲ್ಲಿಡಲು ಕೈ ಬರಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಬಸ್ಸು ಕುಲುಕಿದಾಗ ಡಬ್ಬಿಯ ತೂತಿನಿಂದ ಒಂದು ಒಣ ಬೇವಿನೆಲೆ ಬಿತ್ತು. ಕಂಡಕ್ಟರ್ ಎತ್ತಿಕೊಟ್ಟ.

"ಏನದರಿ ಸರ್ ಇದರಾಗ?"

"ನಮ್ಮ ಮನೆಯವಳ ಧ್ವನಿ. ಆಕೆ ಈಗಿಲ್ಲ. ಲಗೇಜ್ ಟಿಕೆಟ್ ಕೊಡಪ್ಪ."

ಅವನು ಟಿಕೆಟ್ ಮಷಿನ್ ಕೆಳಗಿಳಿಸಿದ. "ಬ್ಯಾಡ ಬಿಡ್ರಿ. ಹೆಣ್ಮಕ್ಕಳಿಗಿ ಫ್ರೀ ಅದ."

"ಫ್ರೀ ಬೇಕಾದರೆ ಆಧಾರ್ ಕಾರ್ಡ್ ತೋರಿಸಬೇಕು. ನಿಯಮ ನಿಯಮವೇ," ಎಂದೆ. ಅಂದ ಮೇಲೆ ನೆನಪಾಯಿತು, ಆಕೆಯ ಕಾರ್ಡು ಇನ್ನೂ ನನ್ನ ಕಿಸೆಯಲ್ಲಿಯೇ ಇತ್ತು. ಹೊರಗೆ ತೆಗೆಯಲಿಲ್ಲ. ಲಗೇಜ್ ಟಿಕೆಟ್ಟನ್ನೇ ಪಡೆದೆ.

ಕಂಡಕ್ಟರ್ ಟಿಕೆಟ್ ಕೊಟ್ಟು, ನನ್ನ ಮಗ್ಗುಲಲ್ಲಿ ಕಾಲು ಚಾಚಿ ಕೂತಿದ್ದವನ ಭುಜ ತಟ್ಟಿದ.

"ಏಳಪ್ಪಾ, ಲೇಡೀಸ್ ಸೀಟ್ ಅದು. ಅಕ್ಕೋರು ಕುಂದ್ರಲಿ."