ಅತ್ತೆಯ ದನಿಯನ್ನು ತಡೆಹಿಡಿದವರಿಗೆ

ನಮ್ಮ ಕಂಪ್ಯೂಟರಿನೊಳಗೆ ಕುಳಿತು, ನಾನು ಬರೆದ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿ ನಡೆಸಿಕೊಡುವ ಮಾನ್ಯರೇ,

ನಮಸ್ಕಾರಗಳು. ತಮ್ಮ ಕುಶಲ ಕೇಳುವುದಿಲ್ಲ. ಕೆಲಸ ಮಾಡದವರು ಸಾಮಾನ್ಯವಾಗಿ ಕ್ಷೇಮವಾಗಿಯೇ ಇರುತ್ತಾರೆ.

ಗಂಟಲಿನ ಆಪರೇಷನ್ನಿನಲ್ಲಿ ನಮ್ಮ ಅತ್ತೆಯವರ ದನಿ ಹೋಯಿತು. ಅಡುಗೆಮನೆಯಿಂದ ಕರೆದರೆ ಬೀದಿಯ ಕೊನೆಯವರೂ ತಿರುಗಿ ನೋಡುವಂಥ ದನಿ ಅದು. ಈಗ ಅವರು ಸ್ಲೇಟಿನ ಮೇಲೆ ಬೈಗುಳ ಬರೆದು ಮುಗಿಸುವಷ್ಟರಲ್ಲಿ ಮಾವನವರು ಎದ್ದುಹೋಗಿರುತ್ತಾರೆ, ಜಗಳದ ಬಿಸಿಯೂ ಆರಿರುತ್ತದೆ. ಕಡೆಗೆ ಬರೆಯುವುದನ್ನೂ ಬಿಟ್ಟು ಅವರು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದಾಗ, ಶಾಲೆಯಲ್ಲಿ ಗಣಿತ ಕಲಿಸುವ ನಾನು, ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದುವ ಪ್ರೋಗ್ರಾಮೊಂದನ್ನು ಬರೆಯಲು ಕುಳಿತೆ. ಅದಕ್ಕೆ ಬೇಕಾದ ‘ಸ್ಪೀಚ್’ ಎಂಬ ಮಾಡ್ಯೂಲನ್ನು, ಅಂದರೆ ಬಲ್ಲವರು ಮೊದಲೇ ಬರೆದಿಟ್ಟ ಸಿದ್ಧ ಭಾಗವನ್ನು, ಇಳಿಸಿಕೊಂಡು, ದಯವಿಟ್ಟು ಕರೆತನ್ನಿ ಎಂದು ಮೊದಲ ಸಾಲಿನಲ್ಲೇ ತಮ್ಮನ್ನು ವಿನಂತಿಸಿದೆ. ಅಂಥ ಮಾಡ್ಯೂಲೇ ಇಲ್ಲವೆಂದು ತಾವು ಕೆಂಪಕ್ಷರದಲ್ಲಿ ಅಪ್ಪಣೆ ಕೊಡಿಸಿದಿರಿ. ಮತ್ತೆ ಇಳಿಸಿಕೊಳ್ಳಹೋದರೆ, ಆಗಲೇ ಇದೆಯಲ್ಲ ಎಂದವರೂ ತಮ್ಮ ಕಡೆಯವರೇ!

ಕಂಪ್ಯೂಟರ್ ರಿಪೇರಿಯ ಮೈದುನನಿಗೆ ಫೋನ್ ಮಾಡಿದೆ. “ಅತ್ತಿಗೆ, ನಿಮ್ಮ ಕಂಪ್ಯೂಟರಲ್ಲಿ ನೀವು ಪ್ರೋಗ್ರಾಮ್ ಬರೆಯೋ ಭಾಷೆ ಹಳೇದೊಂದು, ಹೊಸದೊಂದು ಇದೆ. ಹಳೇದಕ್ಕೆ ಮಾಡ್ಯೂಲ್ ಹಾಕಿ ಹೊಸದನ್ನ ಓಡಿಸ್ತಿದೀರ,” ಎಂದ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿ, ಪಕ್ಕದ ಒಲೆಯ ಮೇಲೇನಿದೆಯೆಂದು ಕಣ್ಣೆತ್ತಿಯೂ ನೋಡದ ತಮ್ಮ ಘನತೆ ನಮ್ಮ ನೆಂಟರಿಗೂ ಬರಲಿ.

ಹೊಸದಕ್ಕೂ ಹಾಕಿದೆ. ಆ ಹುರುಪಿನಲ್ಲಿ ನನ್ನ ಫೈಲಿಗೂ ಹೊಸ ಹೆಸರಿಟ್ಟೆ. ಈ ಸಲ ಮಾಡ್ಯೂಲ್ ಸಿಕ್ಕಿತೆಂದು ಒಪ್ಪಿದ ತಾವು, ಅದಕ್ಕೆ ಮಾತಾಡಲು ಬರುವುದಿಲ್ಲವೆಂದಿರಿ. ನನ್ನ ಬೆನ್ನ ಹಿಂದೆ ಬಂದು ನಿಂತಿದ್ದ ಅತ್ತೆ, ಪರದೆಯ ಮೇಲ್ತುದಿಯಲ್ಲಿದ್ದ ನನ್ನ ಫೈಲಿನ ಹೆಸರಿನ ಮೇಲೆ ಬೆರಳಿಟ್ಟರು. ಆಮೇಲೆ ಮೊದಲ ಸಾಲಿನ ಮೇಲಿಟ್ಟರು. ಎರಡೂ ‘ಸ್ಪೀಚ್’! ಸೊಸೆಯ ತಪ್ಪು ಹಿಡಿಯುವ ಕಣ್ಣಿಗೆ ಆಪರೇಷನ್ ಆಗಿರಲಿಲ್ಲ ನೋಡಿ. ಹೆಸರು ಒಂದೇ ಎಂದು ತಾವು ಮಾಡ್ಯೂಲಿನ ಬದಲು ನನ್ನ ಫೈಲನ್ನೇ ಹಿಡಿದು, ಮಾತಾಡು ಮಾತಾಡು ಎಂದು ಪೀಡಿಸುತ್ತಿದ್ದಿರಿ. ತಪ್ಪು ನನ್ನದೇ, ಆದರೆ ‘ತಾಯೀ, ಹೆಸರು ಬದಲಿಸು’ ಎಂದಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಮುಂದಾದರೂ ತಪ್ಪು ತೋರಿಸುವ ಮೊದಲು ಒಂದು ಲೋಟ ನೀರು ಕೊಟ್ಟು, ಕೂರಿಸಿ, ಮೆಲ್ಲಗೆ ಹೇಳುವ ಕೃಪೆ ಮಾಡಬೇಕೆಂದು ಕೋರುತ್ತೇನೆ.

ಹೆಸರು ಬದಲಿಸಿದೆ. ಅತ್ತೆ ಕುರ್ಚಿ ಎಳೆದುಕೊಂಡು ಒಂದೇ ಬೆರಳಲ್ಲಿ ಟೈಪ್ ಮಾಡಿದರು. ಕಂಪ್ಯೂಟರು ದಪ್ಪ ಗಂಡುದನಿಯಲ್ಲಿ, “ರೀ, ಟೀವಿ ಆರಿಸ್ರೀ. ನಾನು ಮಾತಾಡ್ಬೇಕು,” ಎಂದಿತು. ಮಾವನವರು ಟೀವಿ ಆರಿಸಿ, ಅತ್ತೆಯ ಪಕ್ಕ ಬಂದು ಕುಳಿತು, “ಹೂಂ, ಹೇಳು. ಎಷ್ಟು ದಿನ ಆಯ್ತು ಬೈಸ್ಕೊಂಡು,” ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಈ ಮನೆಯ ಸೊಸೆ

ವಿ.ಸೂ.: ತಮ್ಮ ಇನ್ನೂ ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ ಎಂಬ ಸೂಚನೆ ಬೆಳಗ್ಗೆ ಬಂತು. ಅದಕ್ಕೆ ಅತ್ತೆ ಟೈಪ್ ಮಾಡಿದ ಉತ್ತರವನ್ನು ಕಂಪ್ಯೂಟರು ತಡವರಿಸದೆ ಓದಿತು. ಅದನ್ನು ಇಲ್ಲಿ ಬರೆಯಲು ನನಗೇ ನಾಚಿಕೆ.